ಬೀಗಿತ್ತಿಗೊಂದು ಬೀಗ

ಬ್ಯಾಂಕಿಗೆ ಗುಮಾಸ್ತನಾಗಿ ಸೇರಿ ಗುಮಾಸ್ತನಾಗಿಯೇ ನಿವೃತ್ತನಾದವನು ನಾನು. ಕೊನೆಯ ಕೆಲವು ವರ್ಷ ಹೆಡ್ ಕ್ಯಾಷಿಯರ್ ಆಗಿದ್ದೆ. ಓದಿದ್ದು ಬಿ.ಕಾಂ. ವಿದ್ಯುತ್ತಿನ ವಿಷಯದಲ್ಲಿ ನನಗಿದ್ದ ವಿದ್ಯೆ ಮನೆಯ ಫ್ಯೂಸಿಗೆ ತಂತಿ ಕಟ್ಟುವಷ್ಟು ಮಾತ್ರ. ಅಂಥವನು ಎಪ್ಪತ್ತಮೂರನೇ ವಯಸ್ಸಿನಲ್ಲಿ ಗೋಣಿಚೀಲ ಹಾಸಿಕೊಂಡು ಜೀಪಿನ ಕೆಳಗೆ ಮಲಗಿ ವೈರ್ ಎಳೆದೆ ಎಂದರೆ ನನ್ನ ಹಳೆಯ ಸಹೋದ್ಯೋಗಿಗಳು ನಗುತ್ತಾರೆ. ನಗಲಿ. ಎಳೆದದ್ದು ನಿಜ. ಅದರಲ್ಲಿ ಒಂದು ತಪ್ಪು ಮಾಡಿದ್ದೂ ನಿಜ. ಆ ತಪ್ಪನ್ನು ಹೇಳಲೆಂದೇ ಇದನ್ನು ಬರೆಯುತ್ತಿದ್ದೇನೆ.

ನಾನು ಇರುವುದು ಹಾಸನದಲ್ಲಿ. ಮಗಳನ್ನು ಕೊಟ್ಟಿರುವುದು ಸಕಲೇಶಪುರ ತಾಲ್ಲೂಕಿನ ಒಂದು ಕಾಫಿ ತೋಟದ ಮನೆಗೆ. ಮುಖ್ಯರಸ್ತೆಯಿಂದ ತೋಟದ ಮನೆಗೆ ಮೂರು ಕಿಲೋಮೀಟರ್ ಮಣ್ಣಿನ ದಾರಿ. ಬೇಸಿಗೆಯಲ್ಲಿ ಯಾವ ಕಾರಾದರೂ ಹೋಗುತ್ತದೆ. ಆರಿದ್ರಾ ಮಳೆ ಹಿಡಿಯಿತೆಂದರೆ ಅಳಿಯಂದಿರ ಹಳೆಯ ಮಹೀಂದ್ರ ಜೀಪೊಂದೇ ಗತಿ. ನಾಲ್ಕು ಚಕ್ರಕ್ಕೂ ಶಕ್ತಿ ಹೋಗುವ ಫೋರ್ ವೀಲ್ ಜೀಪು ಅದು.

ಎರಡು ವರ್ಷದ ಹಿಂದಿನ ಜುಲೈ ತಿಂಗಳು. ಬೆಳಗಿನ ಜಾವ ನನ್ನ ಬೀಗಿತ್ತಿ, ಅಂದರೆ ಅಳಿಯಂದಿರ ತಾಯಿ, ಎದ್ದವರು ಮಾತು ತೊದಲಿದರು. ಬಾಯಿ ಒಂದು ಕಡೆಗೆ ವಾಲಿತ್ತು. ಬಲಗೈಯಲ್ಲಿ ಲೋಟ ನಿಲ್ಲಲಿಲ್ಲ. ಪಾರ್ಶ್ವವಾಯು ಎಂದು ಮಗಳಿಗೆ ತಿಳಿಯಿತು. ಅವರನ್ನು ಜೀಪಿನಲ್ಲಿ ಕೂರಿಸಿಕೊಂಡು ಹೊರಟರು. ಮನೆಯಿಂದ ಒಂದು ಕಿಲೋಮೀಟರ್ ದೂರದಲ್ಲಿ ಒಂದು ಏರು ಇದೆ. ಅಲ್ಲಿ ಎದುರಿಗೆ ಮುರಿದು ಬಿದ್ದಿದ್ದ ಕೊಂಬೆಯನ್ನು ತಪ್ಪಿಸಲು ಹೋಗಿ ಜೀಪಿನ ಎಡಗಡೆಯ ಎರಡು ಚಕ್ರ ಚರಂಡಿಯ ಕೆಸರಿಗೆ ಇಳಿದವು. ಆಮೇಲೆ ಎಷ್ಟು ಆಕ್ಸಿಲರೇಟರ್ ಒತ್ತಿದರೂ ಎಡಚಕ್ರಗಳು ಗಿರಗಿರ ತಿರುಗಿ ಕೆಸರು ಹಾರಿಸಿದವೇ ಹೊರತು ಜೀಪು ಅಲುಗಲಿಲ್ಲ. ಲೈನ್ ಮನೆಗಳಿಂದ ಜನ ಓಡಿ ಬಂದು, ಕಲ್ಲು ಹಾಕಿ, ಹಗ್ಗ ಕಟ್ಟಿ ಎಳೆಯುವ ಹೊತ್ತಿಗೆ ಒಂದೂ ಕಾಲು ಗಂಟೆ ಕಳೆದಿತ್ತು.

ಅಷ್ಟೂ ಹೊತ್ತು ನಾನು ಹಾಸನದ ನಮ್ಮ ಅಡುಗೆಮನೆಯಲ್ಲಿ ಫೋನ್ ಹಿಡಿದುಕೊಂಡು ನಿಂತಿದ್ದೆ. "ಇನ್ನೂ ಎದ್ದಿಲ್ಲ ಅಪ್ಪ, ಇನ್ನೂ ಎದ್ದಿಲ್ಲ" ಎನ್ನುತ್ತಿದ್ದಳು ಮಗಳು.

ಬೀಗಿತ್ತಿಯ ಜೀವಕ್ಕೇನೂ ಆಗಲಿಲ್ಲ. ಮಾತೂ ತಿರುಗಿ ಬಂತು. ಬಲಗೈ ಮಾತ್ರ ಪೂರ್ತಿ ಬರಲಿಲ್ಲ. ಮೆದುಳಿನ ರಕ್ತನಾಳ ಕಟ್ಟಿಕೊಂಡಾಗ ಹೆಪ್ಪು ಕರಗಿಸುವ ಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಬೇಗ ಕೊಟ್ಟಷ್ಟೂ ಒಳ್ಳೆಯದು. "ಒಂದು ಗಂಟೆ ಮುಂಚೆ ಬಂದಿದ್ದರೆ..." ಎಂದು ಡಾಕ್ಟರು ಅರ್ಧಕ್ಕೇ ಮಾತು ನಿಲ್ಲಿಸಿದರು. ಅಳಿಯಂದಿರು ಆ ಅರ್ಧ ಮಾತನ್ನು ಮನೆಗೆ ಹೊತ್ತುಕೊಂಡು ಬಂದರು. ಅದರ ಬಗ್ಗೆ ಯಾರೊಡನೆಯೂ ಆಡಲಿಲ್ಲ.

ಮಾತಾಡಿದವನು ನನ್ನ ಮೊಮ್ಮಗ. ಆಗ ಎಂಟನೇ ತರಗತಿ.

"ಅಜ್ಜ, ಬಲಗಡೆ ಚಕ್ರ ಗಟ್ಟಿ ನೆಲದ ಮೇಲೇ ಇತ್ತಲ್ಲ. ಅದ್ಯಾಕೆ ತಿರುಗಲಿಲ್ಲ?"

ಒಳ್ಳೆಯ ಪ್ರಶ್ನೆ. ನನಗೆ ಉತ್ತರ ಗೊತ್ತಿರಲಿಲ್ಲ. ಇಬ್ಬರೂ ಸೇರಿ ತಿಳಿದುಕೊಂಡೆವು.

ನನ್ನ ವಯಸ್ಸಿನವರು ಕಣದಲ್ಲಿ ಹಂತಿ ಹೊಡೆಯುವುದನ್ನು ನೋಡಿರುತ್ತಾರೆ. ಮೇಟಿಕಂಬದ ಸುತ್ತ ಎತ್ತುಗಳನ್ನು ಸಾಲಾಗಿ ಕಟ್ಟಿ ತಿರುಗಿಸುತ್ತಿದ್ದರು. ಮೇಟಿಯ ಹತ್ತಿರದ ಎತ್ತು ನಿಂತಲ್ಲೇ ನಿಂತಂತೆ ಹೆಜ್ಜೆ ಹಾಕುತ್ತದೆ. ಹೊರಗಿನ ಎತ್ತು ಓಡುತ್ತದೆ. ಗಾಡಿಯ ಚಕ್ರಗಳೂ ಹೀಗೆಯೇ. ತಿರುವಿನಲ್ಲಿ ಒಳಗಿನ ಚಕ್ರ ಕಡಿಮೆ ದೂರ ಹೋಗುತ್ತದೆ, ಹೊರಗಿನದು ಹೆಚ್ಚು. ಮೊಮ್ಮಗ ಜೀಪಿನ ಎರಡು ಹಿಂಚಕ್ರಗಳ ನಡುವಿನ ಅಂತರ ಅಳೆದ. ಸುಮಾರು 1.3 ಮೀಟರ್. ಜೀಪು ಒಂದು ಪೂರ್ತಿ ಸುತ್ತು ಹಾಕಿದರೆ ಹೊರಚಕ್ರ ಒಳಚಕ್ರಕ್ಕಿಂತ ಎಷ್ಟು ಹೆಚ್ಚು ಓಡಬೇಕು? 2 × 3.14 × 1.3, ಅಂದರೆ ಎಂಟು ಮೀಟರಿಗೂ ಸ್ವಲ್ಪ ಹೆಚ್ಚು. ವೃತ್ತ ಚಿಕ್ಕದಿರಲಿ ದೊಡ್ಡದಿರಲಿ, ವ್ಯತ್ಯಾಸ ಅಷ್ಟೇ. ಮಕ್ಕಳು ಬೇಕಾದರೆ ಲೆಕ್ಕ ಹಾಕಿ ನೋಡಿ.

ಎತ್ತಿನಗಾಡಿಗೆ ಇದರಿಂದ ತೊಂದರೆಯಿಲ್ಲ. ಅದರ ಎರಡು ಚಕ್ರಗಳೂ ಅಚ್ಚಿನ ಮೇಲೆ ಬೇರೆಬೇರೆಯಾಗಿ ತಿರುಗುತ್ತವೆ. ಆದರೆ ಎಂಜಿನ್ ಎರಡೂ ಚಕ್ರಗಳನ್ನು ತಾನೇ ತಿರುಗಿಸಬೇಕು, ಒಂದನ್ನು ಬೇಗ, ಒಂದನ್ನು ನಿಧಾನ. ಇದಕ್ಕಾಗಿ ಹಿಂದಿನ ಆಕ್ಸಲ್‌ನ ನಡುವೆ ಮಡಕೆಯಂತೆ ಉಬ್ಬಿದ ಭಾಗದಲ್ಲಿ ಹಲ್ಲುಚಕ್ರಗಳ ಒಂದು ಗುಂಪು ಇರುತ್ತದೆ. ಅದೇ ಡಿಫರೆನ್ಷಿಯಲ್. ಫ್ರಾನ್ಸಿನ ಗಡಿಯಾರದ ಕುಶಲಕರ್ಮಿ ಒನೆಸಿಫೋರ್ ಪೆಕ್ಯೂರ್ ಎಂಬಾತ 1827ರಲ್ಲೇ ಉಗಿಬಂಡಿಗೆಂದು ಇದಕ್ಕೆ ಪೇಟೆಂಟ್ ಪಡೆದಿದ್ದ.

ಈ ಡಿಫರೆನ್ಷಿಯಲ್‌ಗೆ ಒಂದು ಗುಣವಿದೆ. ಅದು ಎರಡೂ ಚಕ್ರಗಳಿಗೆ ತಿರುಗುವ ಬಲವನ್ನು ಸಮನಾಗಿ ಹಂಚುತ್ತದೆ. ಟಾರು ರಸ್ತೆಯಲ್ಲಿ ಇದು ನ್ಯಾಯ. ಕೆಸರಿನಲ್ಲಿ ಇದೇ ಅನ್ಯಾಯ. ಕೆಸರಿನಲ್ಲಿರುವ ಚಕ್ರಕ್ಕೆ ಹಿಡಿತವಿಲ್ಲದ್ದರಿಂದ ಅದನ್ನು ತಿರುಗಿಸಲು ಹೆಚ್ಚು ಬಲವೇ ಬೇಡ. ಅದಕ್ಕೆ ಸ್ವಲ್ಪವೇ ಹೋದರೆ ಗಟ್ಟಿ ನೆಲದ ಚಕ್ರಕ್ಕೂ ಅಷ್ಟೇ ಸ್ವಲ್ಪ. ಅಷ್ಟರಲ್ಲಿ ಜೀಪು ಏರು ಹತ್ತುವುದಿಲ್ಲ. ಮುಂದಿನ ಆಕ್ಸಲ್‌ನಲ್ಲೂ ಇಂಥದೇ ಒಂದು ಇದೆ. ಹಾಗಾಗಿ ಮುಂದೊಂದು, ಹಿಂದೊಂದು ಚಕ್ರ ಕೆಸರಿಗೆ ಸಿಕ್ಕಿದರೆ ಫೋರ್ ವೀಲ್ ಜೀಪೂ ನಿಂತುಬಿಡುತ್ತದೆ. ಆ ಬೆಳಿಗ್ಗೆ ಆದದ್ದು ಇದೇ.

ಪರಿಹಾರ, ಬೇಕೆಂದಾಗ ಡಿಫರೆನ್ಷಿಯಲ್‌ಗೆ ಬೀಗ ಹಾಕುವುದು. ಒಳಗಿನ ಹಲ್ಲುಚಕ್ರವನ್ನು ಅದರ ಕವಚಕ್ಕೇ ಸಿಕ್ಕಿಸಿಬಿಟ್ಟರೆ ಎಡಚಕ್ರ ಬಲಚಕ್ರ ಎರಡೂ ಒಂದೇ ಸಲಾಕೆಗೆ ಹೊಡೆದ ಹಾಗೆ ಒಟ್ಟಿಗೆ ತಿರುಗುತ್ತವೆ. ಆಗ ಒಂದು ಕೆಸರಿನಲ್ಲಿದ್ದರೂ ಇನ್ನೊಂದು ಗಟ್ಟಿ ನೆಲವನ್ನು ಹಿಡಿದು ದೂಡುತ್ತದೆ. ಈ ಬೀಗವನ್ನು ಕೆಲವು ಗಾಡಿಗಳಲ್ಲಿ ಸನ್ನೆಕೋಲಿನಿಂದ ಹಾಕುತ್ತಾರೆ, ಕೆಲವದರಲ್ಲಿ ಗಾಳಿಯ ಒತ್ತಡದಿಂದ, ಕೆಲವದರಲ್ಲಿ ವಿದ್ಯುತ್ತಿನಿಂದ. ವಿದ್ಯುತ್ತಿನದರಲ್ಲಿ ಒಂದು ತಂತಿಯ ಸುರುಳಿ ಇರುತ್ತದೆ. ಸ್ವಿಚ್ ಹಾಕಿದಾಗ ಅದು ಅಯಸ್ಕಾಂತವಾಗಿ ಬೀಗ ಬೀಳುವಂತೆ ಮಾಡುತ್ತದೆ. ಸ್ವಿಚ್ ತೆಗೆದರೆ ಸ್ಪ್ರಿಂಗ್ ಅದನ್ನು ಬಿಡಿಸುತ್ತದೆ.

ಹೋದ ವರ್ಷ ಅಳಿಯಂದಿರು ಆರ್‌ಟಿಓ ಕಚೇರಿಯಲ್ಲಿ ವಿಚಾರಿಸಿ ಬಂದು, ಹಿಂದಿನ ಆಕ್ಸಲ್‌ಗೆ ಅಂಥದೊಂದನ್ನು ತರಿಸಿದರು. ಗ್ಯಾರೇಜಿನವರು ಅದನ್ನು ಒಳಗೆ ಕೂರಿಸಿ, ಎರಡು ವೈರ್‌ಗಳನ್ನು ಹೊರಗೆ ಬಿಟ್ಟು ಕಳಿಸಿದರು. ವೈರಿಂಗ್ ಮಾಡಬೇಕಾಗಿದ್ದ ಎಲೆಕ್ಟ್ರಿಷಿಯನ್ ಊರಿಗೆ ಹೋದವರು ದಸರಾ ಮುಗಿದರೂ ಬರಲಿಲ್ಲ. ನಾನು ದಸರಾ ರಜೆಗೆ ಮಗಳ ಮನೆಗೆ ಹೋಗಿದ್ದೆ.

"ಅಜ್ಜ, ನಾವೇ ಮಾಡೋಣ" ಎಂದ ಮೊಮ್ಮಗ.

"ನೀವು ಮಾಡ್ತೀರಂದ್ರೆ ಸರಿ ಮಾವ" ಎಂದರು ಅಳಿಯಂದಿರು. ಅದು ನಂಬಿಕೆಯೋ ಸಂಕೋಚವೋ ನನಗೆ ತಿಳಿಯಲಿಲ್ಲ.

ಕೈಪಿಡಿಯಲ್ಲಿದ್ದ ಚಿತ್ರ ನೋಡಿ ಮೊದಲು ಗಾಬರಿಯಾಯಿತು. ಲೆಡ್ಜರಿನಂತೆ ಗೆರೆ ಎಳೆದ ಒಂದು ಹಾಳೆಯ ಮೇಲೆ ನನಗೆ ಅರ್ಥವಾಗುವ ಹಾಗೆ ಬರೆದುಕೊಂಡೆ. ಬ್ಯಾಟರಿಯ ಧನ ತುದಿಯಿಂದ ಹೊರಟದ್ದೆಲ್ಲ ಋಣ ತುದಿಗೆ ವಾಪಸು ಬರಲೇಬೇಕು. ಖರ್ಚು ಬರೆದರೆ ಜಮೆ ಎಲ್ಲಿ ಎಂದು ಕೇಳುವ ಹಾಗೆ, ಪ್ರತಿ ವೈರಿಗೂ 'ನಿನ್ನ ವಾಪಸು ದಾರಿ ಯಾವುದು?' ಎಂದು ಕೇಳುತ್ತಾ ಹೋದೆ. ಗಾಡಿಯಲ್ಲಿ ವಾಪಸು ದಾರಿಗೆ ಬೇರೆ ವೈರ್ ಎಳೆಯುವುದು ಕಡಿಮೆ. ಕಬ್ಬಿಣದ ಚಾಸಿಯೇ ಆ ದಾರಿ. ಅದಕ್ಕೆ ಅರ್ತ್ ಎನ್ನುತ್ತಾರೆ. ಬಣ್ಣ ಕೆರೆದು, ಹೊಳೆಯುವ ಲೋಹಕ್ಕೇ ಬಿಗಿಯಬೇಕು. ಬಣ್ಣದ ಮೇಲೆ ಬಿಗಿದರೆ ಕರೆಂಟು ದಾಟುವುದಿಲ್ಲ.

ಮೊಮ್ಮಗ ಮಲ್ಟಿಮೀಟರ್ ತಂದ. ಅದರ ಎರಡು ಕಡ್ಡಿಗಳನ್ನು ಒಂದಕ್ಕೊಂದು ಮುಟ್ಟಿಸಿದ. 0.3 ಓಮ್ ತೋರಿಸಿತು. "ಇದು ಆರಂಭಿಕ ಶಿಲ್ಕು, ಕೊನೆಗೆ ಕಳೀಬೇಕು" ಎಂದೆ. ಲಾಕರಿನ ಎರಡು ವೈರಿಗೆ ಹಿಡಿದಾಗ 3.3 ಬಂತು. 0.3 ಕಳೆದರೆ 3 ಓಮ್. ಬ್ಯಾಟರಿ 12 ವೋಲ್ಟ್. 12ನ್ನು 3ರಿಂದ ಭಾಗಿಸಿದರೆ 4 ಆಂಪಿಯರ್. ಶಾಲೆಯಲ್ಲಿ ಬಾಯಿಪಾಠ ಮಾಡಿದ ಓಮ್‌ನ ನಿಯಮ ಜೀಪಿನ ಕೆಳಗೆ ಮಲಗಿದ್ದಾಗ ಕೆಲಸಕ್ಕೆ ಬಂದದ್ದು ಕಂಡು ಅವನಿಗೆ ಖುಷಿಯೋ ಖುಷಿ.

ನಾಲ್ಕು ಆಂಪಿಯರ್ ಹರಿಯುವ ದಾರಿಯನ್ನು ಡ್ಯಾಷ್‌ಬೋರ್ಡಿನ ಪುಟ್ಟ ಸ್ವಿಚ್ಚಿನ ಮೂಲಕ ಎಳೆಯದೆ ನಡುವೆ ಒಂದು ರಿಲೇ ಇಟ್ಟೆವು. ರಿಲೇ ಎಂದರೆ ಬೆಂಕಿಪೊಟ್ಟಣದ ಗಾತ್ರದ ಒಂದು ಡಬ್ಬಿ. ಮ್ಯಾನೇಜರ್ ಸಹಿ ಹಾಕುತ್ತಾರೆ, ನೋಟು ಎಣಿಸಿ ಕೊಡುವವನು ಕ್ಯಾಷಿಯರ್ ಅಲ್ಲವೇ? ಹಾಗೆ ಸ್ವಿಚ್ಚು ಸಣ್ಣ ಕರೆಂಟಿನಲ್ಲಿ ಅಪ್ಪಣೆ ಕೊಡುತ್ತದೆ. ದೊಡ್ಡ ಕರೆಂಟನ್ನು ರಿಲೇ ದಾಟಿಸುತ್ತದೆ. ರಿಲೇಯ ಕಾಲುಗಳಿಗೆ ನಂಬರು ಇರುತ್ತವೆ. 30ಕ್ಕೆ ಬ್ಯಾಟರಿಯಿಂದ ಬರುವ ವೈರ್, 87ರಿಂದ ಲಾಕರಿಗೆ ಹೋಗುವ ವೈರ್, 86ಕ್ಕೆ ಸ್ವಿಚ್ಚಿನ ಅಪ್ಪಣೆ, 85 ಅರ್ತ್. ಸ್ವಿಚ್ಚಿಗೆ ಕರೆಂಟು ಜೀಪಿನ ಕೀಲಿಯ ಮೂಲಕ ಬರುವಂತೆ ಮಾಡಿದೆವು. ಕೀಲಿ ತಿರುಗಿಸದೆ ಬರೀ ಸ್ವಿಚ್ ಒತ್ತಿದರೆ ಏನೂ ಆಗದು. ನಮ್ಮ ಸ್ಟ್ರಾಂಗ್ ರೂಮಿಗೆ ಎರಡು ಬೀಗದ ಕೈ ಇರುತ್ತಿದ್ದವು, ಒಂದು ನನ್ನ ಹತ್ತಿರ, ಒಂದು ಮ್ಯಾನೇಜರ್ ಹತ್ತಿರ. ಇದೂ ಹಾಗೆ.

ಬ್ಯಾಟರಿಗೆ ಒಂದು ಗೇಣು ದೂರದಲ್ಲೇ 10 ಆಂಪಿಯರಿನ ಕೆಂಪು ಫ್ಯೂಸ್ ಹಾಕಿದೆವು. ಫ್ಯೂಸನ್ನು ಲಾಕರಿನ ಹತ್ತಿರ ಹಾಕಿದರೆ ಬ್ಯಾಟರಿಯಿಂದ ಅಲ್ಲಿಯವರೆಗಿನ ವೈರಿಗೆ ಕಾವಲಿಲ್ಲ. ಆ ನಡುವೆ ಎಲ್ಲಾದರೂ ತಾಮ್ರ ಕಬ್ಬಿಣಕ್ಕೆ ತಾಗಿದರೆ ವೈರೇ ಕಾದು ಬೆಂಕಿ ಹತ್ತೀತು. ಕೆಲಸ ಶುರು ಮಾಡುವ ಮೊದಲು ಬ್ಯಾಟರಿಯ ಋಣ ತುದಿಯನ್ನು ಬಿಚ್ಚಿ ಬದಿಗಿಟ್ಟಿದ್ದೆವು. ಧನ ತುದಿಯನ್ನು ಮೊದಲು ಬಿಚ್ಚಲು ಹೋದರೆ ಸ್ಪ್ಯಾನರ್ ಜೀಪಿನ ಮೈಗೆ ತಾಗಿ ಕಿಡಿ ಹಾರುತ್ತದೆ. ನನ್ನ ಕೈಯಿಂದ ಉಂಗುರವನ್ನೂ ವಾಚನ್ನೂ ಮಗಳು ಬಿಚ್ಚಿಸಿ ಇಟ್ಟುಕೊಂಡಳು.

ವೈರಿನ ತುದಿಗೆ ಲಗ್ ಒತ್ತುವ ಕೆಲಸ ಮೊಮ್ಮಗನದು. ವೈರನ್ನು ಚಾಸಿಯುದ್ದಕ್ಕೂ ಎಳೆದು ಕ್ಲಿಪ್ ಹಾಕುವುದು ನನ್ನದು. ನನಗೆ ಮೊದಲಿನಿಂದ ಅಚ್ಚುಕಟ್ಟು ಎಂದರೆ ಪ್ರಾಣ. ನನ್ನ ಲೆಡ್ಜರಿನಲ್ಲಿ ಒಂದು ಅಂಕಿ ಗೆರೆ ದಾಟುತ್ತಿರಲಿಲ್ಲ. ವೈರನ್ನೂ ಹಾಗೆಯೇ ಎಳೆದೆ, ವೀಣೆಯ ತಂತಿಯಂತೆ. ಚಾಸಿಯಿಂದ ಆಕ್ಸಲ್‌ಗೆ ಹೋಗುವಲ್ಲೂ ಅಷ್ಟೇ ನೇರ, ಅಷ್ಟೇ ಬಿಗಿ.

"ಅಜ್ಜ, ಅಲ್ಲಿ ಬಿಗಿ ಆಯ್ತೇನೋ" ಎಂದ ಮೊಮ್ಮಗ.

"ಜೋತು ಬಿದ್ದರೆ ಕೋಲು, ಕಡ್ಡಿ ಸಿಕ್ಕಿಕೊಳ್ತದೆ. ಇದೇ ಸರಿ" ಎಂದೆ.

ಶೆಡ್ಡಿನಲ್ಲೇ ಮೊದಲ ಪರೀಕ್ಷೆ. ಮುಂಚಕ್ರಗಳಿಗೆ ಕಲ್ಲು ಕೊಟ್ಟು, ಹಿಂದಿನ ಆಕ್ಸಲ್‌ಗೆ ಜಾಕ್ ಕೊಟ್ಟು ಎತ್ತಿ, ಗಟ್ಟಿಯಾದ ಸ್ಟ್ಯಾಂಡ್ ಇಟ್ಟು, ಎಂಜಿನ್ ಆರಿಸಿ, ಗೇರಿನಲ್ಲಿ ಬಿಟ್ಟೆವು. ಒಂದು ಹಿಂಚಕ್ರವನ್ನು ಕೈಯಿಂದ ಮುಂದಕ್ಕೆ ತಿರುಗಿಸಿದರೆ ಇನ್ನೊಂದು ತಾನಾಗಿ ಹಿಂದಕ್ಕೆ ತಿರುಗುತ್ತದೆ! ಡಿಫರೆನ್ಷಿಯಲ್‌ನ ಆಟ ಅದು. ಕೀಲಿ ಹಾಕಿ ಸ್ವಿಚ್ ಒತ್ತಿದೆವು. ರಿಲೇ 'ಟಿಕ್' ಎಂದಿತು. ಹಳದಿ ದೀಪ ಬಂತು. ಈಗ ಚಕ್ರವನ್ನು ತಿರುಗಿಸಲು ಹೋದರೆ ಚೂರು ಅಲುಗಿ ಗಕ್ಕನೆ ನಿಂತಿತು. ಬೀಗ ಬಿದ್ದಿತ್ತು. ಬೀಗಿತ್ತಿ ಜಗಲಿಯ ಮೇಲೆ ಕುರ್ಚಿ ಹಾಕಿಕೊಂಡು ನೋಡುತ್ತಿದ್ದವರು, "ಅಂತೂ ಬೀಗರು ಬೀಗ ಹಾಕಿದರು" ಎಂದು ನಕ್ಕರು. ಆ ಮಳೆಗಾಲದ ಮೇಲೆ ಅವರು ಹಾಗೆ ನಕ್ಕದ್ದನ್ನು ನಾನು ಕೇಳಿರಲಿಲ್ಲ.

ಮರುದಿನ ನಿಜವಾದ ಪರೀಕ್ಷೆ. ತೋಟದೊಳಗಿನ ಒಂದು ಗುಂಡಿಗೆ ನೀರು ಬಿಟ್ಟು ಕೆಸರು ಮಾಡಿದ್ದರು. ಕೆಲಸದವರೆಲ್ಲ ನೋಡಲು ನಿಂತಿದ್ದರು. ಜೀಪಿನಲ್ಲಿ ಅಳಿಯಂದಿರು ಒಬ್ಬರೇ. ಬೇಕೆಂದೇ ಎಡಚಕ್ರಗಳನ್ನು ಗುಂಡಿಗೆ ಇಳಿಸಿ, ಜೀಪು ನಿಲ್ಲಿಸಿ, ಸ್ವಿಚ್ ಒತ್ತಿದರು. ಹಳದಿ ದೀಪ ಬಂತು. ನಿಧಾನವಾಗಿ ಆಕ್ಸಿಲರೇಟರ್ ಒತ್ತಿದರು.

ಎಡಚಕ್ರ ಗಿರಗಿರನೆ ತಿರುಗಿತು. ಬಲಚಕ್ರ ಸುಮ್ಮನೆ ನಿಂತಿತ್ತು. ಥೇಟ್ ಆ ಬೆಳಿಗ್ಗೆಯ ಹಾಗೆ.

ಅಳಿಯಂದಿರ ಮುಖ ನೋಡಲಾಗಲಿಲ್ಲ. ಆ ಸಂಕಟದಲ್ಲಿ ನಾನು ಮೊಮ್ಮಗನ ಕಡೆ ತಿರುಗಿದೆ. "ಲಗ್ ಸರಿಯಾಗಿ ಒತ್ತು ಅಂತ ಎಷ್ಟು ಸಲ ಹೇಳಿದ್ದೆ? ಮೊಬೈಲು ನೋಡುತ್ತಾ ಕೆಲಸ ಮಾಡಿದರೆ ಹೀಗೇ ಆಗೋದು!" ಅಷ್ಟು ಜನರ ಎದುರಿಗೆ ಅಂದುಬಿಟ್ಟೆ. ಹುಡುಗ ಮೊಬೈಲು ನೋಡಿರಲಿಲ್ಲ. ಏನೂ ಹೇಳದೆ ತಲೆ ತಗ್ಗಿಸಿಕೊಂಡು ಮನೆ ಕಡೆ ಹೋದ. ಅಷ್ಟರಲ್ಲಿ ಮಳೆಯೂ ಬಂತು. ಜೀಪನ್ನು ಹಗ್ಗ ಕಟ್ಟಿ ಎಳೆದು ಶೆಡ್ಡಿಗೆ ತಂದರು.

ರಾತ್ರಿ ನಿದ್ದೆ ಬರಲಿಲ್ಲ. ನೆನಪಾದದ್ದು 1984ರ ಒಂದು ಸಂಜೆ.

ಅಂದು ಲೆಕ್ಕ ಮುಗಿಸುವಾಗ ನಗದಿನಲ್ಲಿ 900 ರೂಪಾಯಿ ಕಡಿಮೆ ಬಂತು. ಆಗ ಅದು ದೊಡ್ಡ ದುಡ್ಡು. ಹೊಸದಾಗಿ ಸೇರಿದ್ದ ಹುಡುಗನೊಬ್ಬ ಪಕ್ಕದ ಕೌಂಟರಿನಲ್ಲಿದ್ದ. "ನಿನ್ನ ವೌಚರುಗಳನ್ನು ಸರಿಯಾಗಿ ನೋಡು" ಎಂದೆ, ಎಲ್ಲರಿಗೂ ಕೇಳುವಂತೆ. ಅವನು ರಾತ್ರಿ ಒಂಬತ್ತರವರೆಗೆ ಒಂದೊಂದೇ ಚೀಟಿ ತಿರುವಿ ಹಾಕಿದ. ಕೊನೆಗೆ ಹಿರಿಯ ಅಕೌಂಟೆಂಟರು ಬಂದು, "900 ಒಂಬತ್ತರಿಂದ ಭಾಗವಾಗುತ್ತದಲ್ಲ, ಎಲ್ಲೋ ಅಂಕಿ ತಿರುಗುಮುರುಗಾಗಿರಬಹುದು" ಎಂದರು. ಅಕ್ಕಪಕ್ಕದ ಎರಡು ಅಂಕಿ ಅದಲುಬದಲಾದರೆ ಬರುವ ವ್ಯತ್ಯಾಸ ಯಾವಾಗಲೂ 9ರಿಂದ ಭಾಗವಾಗುತ್ತದೆ. ಮಕ್ಕಳು 52 ಮತ್ತು 25 ಇಟ್ಟುಕೊಂಡು ನೋಡಿ. ಹುಡುಕಿದರೆ, 5,410 ರೂಪಾಯಿ ಕೊಟ್ಟು 4,510 ಎಂದು ಬರೆದವನು ನಾನೇ. ಅಂದು ಆ ಹುಡುಗನಿಗೆ "ತಪ್ಪಾಯಿತು" ಎಂದು ಹೇಳಬೇಕಿತ್ತು. ನಾಳೆ ಹೇಳೋಣ ಎಂದುಕೊಂಡೆ. ನಾಳೆ, ನಾಡಿದ್ದು ಎನ್ನುವಷ್ಟರಲ್ಲಿ ಅವನಿಗೆ ವರ್ಗವಾಯಿತು. ಮತ್ತೆ ಅವನನ್ನು ನೋಡಲಿಲ್ಲ.

ಬೆಳಿಗ್ಗೆ ಆರು ಗಂಟೆಗೆ ಶೆಡ್ಡಿಗೆ ಹೋದರೆ ಮೊಮ್ಮಗ ಆಗಲೇ ಮಲ್ಟಿಮೀಟರ್ ಹಿಡಿದು ನಿಂತಿದ್ದ.

"ಅಜ್ಜ, ಊಹೆ ಮಾಡೋದು ಬೇಡ. ಅಳೆದು ನೋಡೋಣ."

ಮೊದಲು ಕೆಂಪು ಫ್ಯೂಸ್ ತೆಗೆದು ನೋಡಿದ. ಒಳಗಿನ ಎಳೆ ಕರಗಿತ್ತು. ಅಂದರೆ ಲಗ್ ಸಡಿಲವಾಗಿದ್ದದ್ದಲ್ಲ. ಸಡಿಲವಿದ್ದರೆ ಕರೆಂಟು ಹರಿಯುವುದಿಲ್ಲ, ಫ್ಯೂಸ್ ಏಕೆ ಹೋದೀತು? ಎಲ್ಲೋ ತಾಮ್ರ ಕಬ್ಬಿಣಕ್ಕೆ ತಾಗಿದೆ. ಆಕ್ಸಲ್ ಹತ್ತಿರದ ಜೋಡಣೆಯನ್ನು ಬಿಚ್ಚಿ ಲಾಕರನ್ನು ಬೇರೆ ಮಾಡಿದ. ರಿಲೇಯಿಂದ ಬರುವ ವೈರಿಗೆ ಒಂದು ಕಡ್ಡಿ, ಚಾಸಿಗೆ ಇನ್ನೊಂದು ಕಡ್ಡಿ ಮುಟ್ಟಿಸಿದ. ಮೀಟರು 'ಕುಂಯ್' ಎಂದು ಕೂಗಿತು. ದೋಷ ಲಾಕರಿನಲ್ಲಿಲ್ಲ, ವೈರಿನಲ್ಲಿದೆ. ಟಾರ್ಚ್ ಹಿಡಿದು ಕೆಳಗೆ ಮಲಗಿದೆ.

ನಾನು ವೀಣೆಯ ತಂತಿಯಂತೆ ಎಳೆದಿದ್ದ ಜಾಗದಲ್ಲೇ, ಒಂದು ಬ್ರ್ಯಾಕೆಟ್ಟಿನ ಚೂಪು ಅಂಚಿಗೆ ಒತ್ತಿ ಸಿಪ್ಪೆ ಕತ್ತರಿಸಿತ್ತು. ತಾಮ್ರ ಹೊಳೆಯುತ್ತಿತ್ತು.

ಆಗ ಅರ್ಥವಾಯಿತು. ಚಾಸಿ ಇದ್ದಲ್ಲೇ ಇರುತ್ತದೆ. ಆಕ್ಸಲ್ ಪ್ಲೇಟುಗಳ ಮೇಲೆ ಮೇಲೆ ಕೆಳಗೆ ಓಲಾಡುತ್ತದೆ. ಶೆಡ್ಡಿನಲ್ಲಿ ಆಕ್ಸಲ್‌ಗೇ ಜಾಕ್ ಕೊಟ್ಟಿದ್ದರಿಂದ ಅದು ಕೆಳಗೆ ಇಳಿದಿರಲೇ ಇಲ್ಲ, ವೈರ್ ಸಾಕಾಗಿತ್ತು. ಗುಂಡಿಯಲ್ಲಿ ಎಡಚಕ್ರ ಇಳಿದಾಗ ಆಕ್ಸಲ್ ಜಗ್ಗಿತು, ವೈರ್ ಅಂಚಿಗೆ ಕಚ್ಚಿಕೊಂಡಿತು.

"ನೋಡಿ ಅಜ್ಜ" ಎಂದು ಮೊಮ್ಮಗ ಪಕ್ಕದ ಬ್ರೇಕ್ ಹೋಸ್ ತೋರಿಸಿದ. ಜೀಪು ತಯಾರಿಸಿದವರೇ ಅದನ್ನು ಜೋಕಾಲಿಯಂತೆ ಬಾಗಿಸಿ ಬಿಟ್ಟಿದ್ದರು. ಒಂದು ಗೇಣು ಆಚೆ ಇದ್ದ ಪಾಠ. ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಇನ್ನೊಂದು ಪ್ರಶ್ನೆ ಉಳಿಯಿತು. ಫ್ಯೂಸ್ ಹೋದ ಮೇಲೂ ಹಳದಿ ದೀಪ ಹೇಗೆ ಉರಿಯುತ್ತಿತ್ತು? ದೀಪವನ್ನು ನಾವು ಸ್ವಿಚ್ಚಿನ ಕಡೆಗೆ ಸೇರಿಸಿದ್ದೆವು. ಅಪ್ಪಣೆ ಹೋಗಿದೆ ಎಂದಷ್ಟೇ ಅದು ಹೇಳುತ್ತಿತ್ತು. ವೌಚರಿಗೆ ಸಹಿ ಬಿದ್ದಿದೆ, ಪೆಟ್ಟಿಗೆಯಲ್ಲಿ ಹಣವಿಲ್ಲ! ಅಂಥ ದೀಪವನ್ನು ನಂಬಿ ಮಳೆಯಲ್ಲಿ ಏರು ಹತ್ತಲು ಹೋಗಿದ್ದರೆ?

ಎಂಟು ಗಂಟೆಗೆ ಕೆಲಸದವರು ಬಂದು ಸೇರಿದರು. ಹಿಂದಿನ ದಿನ ಇದ್ದವರೇ. ಅಳಿಯಂದಿರೂ ಇದ್ದರು, ಬೀಗಿತ್ತಿ ಜಗಲಿಯಲ್ಲಿದ್ದರು. ನಾನು ಮೊಮ್ಮಗನನ್ನು ಪಕ್ಕಕ್ಕೆ ಕರೆದು ಹೆಗಲ ಮೇಲೆ ಕೈಯಿಟ್ಟು ಹೇಳಿದೆ. "ನಿನ್ನೆ ಇವನನ್ನು ಬೈದೆ. ತಪ್ಪು ಇವನದಲ್ಲ, ನನ್ನದು. ಬಿಗಿ ಆಯ್ತು ಅಂತ ಇವನು ಹೇಳಿದ್ದ, ನಾನು ಕೇಳಲಿಲ್ಲ. ತಪ್ಪಾಯ್ತು ಮಗು."

ಹೇಳಲು ಗಂಟಲು ಕಟ್ಟಿತು. ನಲವತ್ತು ವರ್ಷ ತಡವಾಗಿದ್ದ ಮಾತು ಅದರಲ್ಲಿ ಸೇರಿತ್ತು ಎಂದು ಅಲ್ಲಿದ್ದವರಿಗೆ ಹೇಗೆ ತಿಳಿಯಬೇಕು?

ಹುಡುಗ ನಾಚಿಕೊಂಡು, "ಬಿಡಿ ಅಜ್ಜ. ಫ್ಯೂಸ್ ಬ್ಯಾಟರಿ ಪಕ್ಕ ಇರಲಿ ಅಂದಿದ್ದು ನೀವೇ ಅಲ್ವಾ? ಅದಿಲ್ಲದಿದ್ರೆ ಜೀಪೇ ಸುಟ್ಟು ಹೋಗ್ತಿತ್ತು" ಎಂದ.

ಅಂದು ಮತ್ತೆ ಮಾಡಿದೆವು. ಕತ್ತರಿಸಿದ್ದ ವೈರನ್ನು ಟೇಪ್ ಸುತ್ತಿ ಉಳಿಸಿಕೊಳ್ಳದೆ ಹೊಸ ವೈರನ್ನೇ ಎಳೆದೆವು. ಸುಕ್ಕುಸುಕ್ಕಾದ ಪ್ಲಾಸ್ಟಿಕ್ ಕೊಳವೆಯೊಳಗೆ ಅದನ್ನು ತೂರಿಸಿದೆವು. ತಗಡು ದಾಟುವ ತೂತಿಗೆ ರಬ್ಬರ್ ಬುಷ್ ಹಾಕಿದೆವು. ಸೈಲೆನ್ಸರ್ ಕೊಳವೆಯಿಂದ ದೂರ ಒಯ್ದೆವು. ಚಾಸಿಯಿಂದ ಆಕ್ಸಲ್‌ಗೆ ಹೋಗುವಲ್ಲಿ ಬ್ರೇಕ್ ಹೋಸಿನಂತೆಯೇ ಜೋಕಾಲಿ ಬಿಟ್ಟೆವು. ಈ ಸಲ ಜಾಕನ್ನು ಚಾಸಿಗೆ ಕೊಟ್ಟು, ಆಕ್ಸಲ್ ಪೂರ್ತಿ ಜಗ್ಗಿದಾಗಲೂ ವೈರ್ ಸಡಿಲವಾಗಿದೆಯೇ ಎಂದು ನೋಡಿದೆವು. ದೀಪದ ವೈರನ್ನು ರಿಲೇಯ 87ಕ್ಕೆ ಬದಲಿಸಿದೆವು. ಈಗ ಫ್ಯೂಸ್ ಹೋದರೆ ದೀಪವೂ ಆರುತ್ತದೆ. ಆದರೂ ಬೀಗ ಪೂರ್ತಿ ಬಿತ್ತೆಂದು ಅದು ಹೇಳುವುದಿಲ್ಲ. ಕರೆಂಟು ಹೊರಟಿತು ಎನ್ನುತ್ತದೆ ಅಷ್ಟೇ. ಉಳಿದದ್ದನ್ನು ಚಕ್ರ ನೋಡಿಯೇ ತಿಳಿಯಬೇಕು. ಊರಿನಿಂದ ಬಂದ ಎಲೆಕ್ಟ್ರಿಷಿಯನ್‌ಗೆ ಎಲ್ಲವನ್ನೂ ತೋರಿಸಿದೆವು. ಅವರು ಒಂದು ಕ್ಲಿಪ್ಪನ್ನು ಬದಲಿಸಿ "ಸರಿ ಇದೆ ಸಾರ್" ಎಂದರು. ನನಗೆ ಆಡಿಟ್ ಮುಗಿದ ದಿನದಷ್ಟು ಸಮಾಧಾನವಾಯಿತು.

ಅಂದು ಸಂಜೆ ಅದೇ ಗುಂಡಿಯಿಂದ ಜೀಪು ಮೆಲ್ಲಗೆ, ಎಮ್ಮೆ ಕೆರೆಯಿಂದ ಏಳುವ ಹಾಗೆ, ಎದ್ದು ಬಂತು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಅಳಿಯಂದಿರು ಎಂಜಿನ್ ಆರಿಸಿ, ಸ್ಟೀರಿಂಗ್ ಮೇಲೆ ಹಣೆಯಿಟ್ಟು ಸ್ವಲ್ಪ ಹೊತ್ತು ಕೂತಿದ್ದರು. ನಾವೆಲ್ಲ ಬೇರೆ ಕಡೆ ನೋಡಿದೆವು.

ಬೀಗ ಹಾಕಲು ಕಲಿತ ಮೇಲೆ ತೆಗೆಯುವುದನ್ನೂ ಕಲಿಯಬೇಕು. ಗಟ್ಟಿ ರಸ್ತೆಗೆ ಬಂದ ಮೇಲೂ ಬೀಗ ಹಾಗೆಯೇ ಇದ್ದರೆ ತಿರುವಿನಲ್ಲಿ ಎರಡು ಚಕ್ರಗಳೂ ಒಂದರೊಡನೊಂದು ಜಗ್ಗಾಡುತ್ತವೆ. ಟಯರು ಸವೆಯುತ್ತದೆ, ಜೀಪು ನೇರಕ್ಕೇ ನುಗ್ಗಲು ನೋಡುತ್ತದೆ, ಆಕ್ಸಲ್ ಮುರಿದರೂ ಮುರಿಯಬಹುದು. ಅಡ್ಡ ಇಳಿಜಾರಿನಲ್ಲಿ ಎರಡೂ ಚಕ್ರ ಒಟ್ಟಿಗೆ ಹಿಡಿತ ತಪ್ಪಿ ಜೀಪು ಪಕ್ಕಕ್ಕೆ ಜಾರಬಹುದು. ಹಾಕುವಾಗಲೂ ಚಕ್ರ ಗಿರಗಿರ ತಿರುಗುತ್ತಿರುವಾಗ ಹಾಕಬಾರದು, ನಿಲ್ಲಿಸಿ ಹಾಕಬೇಕು. ಕೆಸರು ದಾಟಿದ ಕೂಡಲೇ ತೆಗೆಯಬೇಕು. ಇದನ್ನೆಲ್ಲ ಮೊಮ್ಮಗ ಒಂದು ಚೀಟಿಯಲ್ಲಿ ಬರೆದು ಡ್ಯಾಷ್‌ಬೋರ್ಡಿಗೆ ಅಂಟಿಸಿದ್ದಾನೆ. ಜೀಪು ಓಡಿಸಲು ಅವನಿಗೆ ಇನ್ನೂ ವಯಸ್ಸಾಗಿಲ್ಲ. ಚೀಟಿಯ ಕೊನೆಯಲ್ಲಿ 'ಅಪ್ಪಂಗೆ' ಎಂದು ಬರೆದಿದೆ.

ಈ ವರ್ಷ ಪುಷ್ಯ ಮಳೆಯಲ್ಲಿ ನಾನು ತೋಟದ ಮನೆಯಲ್ಲಿದ್ದೆ. ಬೀಗಿತ್ತಿಗೆ ಹಾಸನದಲ್ಲಿ ತಪಾಸಣೆಯ ದಿನ. ಹೋದ ಮಳೆಗಾಲದಲ್ಲಿ ಅವರು "ಮಳೆ ನಿಂತ ಮೇಲೆ ಹೋಗೋಣ" ಎನ್ನುತ್ತಲೇ ಎರಡು ಸಲ ತಪ್ಪಿಸಿದ್ದರು. ಜೀಪಿನಲ್ಲಿ ಆ ಏರು ಹತ್ತುವ ಭಯ. ಈ ಸಲ ಅವರೇ ಎಡಗೈಯಲ್ಲಿ ಕೊಡೆ ಹಿಡಿದು ಬಂದು ಮುಂದಿನ ಸೀಟಿನಲ್ಲಿ ಕೂತರು. ಹಿಂದೆ ನಾನು, ಮೊಮ್ಮಗ.

ಏರಿನ ಬುಡದಲ್ಲಿ ಕೆಂಪು ನೀರು ಹರಿಯುತ್ತಿತ್ತು. ಅಳಿಯಂದಿರು ಜೀಪು ನಿಲ್ಲಿಸಿದರು.

"ಬೀಗ ಹಾಕಿದ್ಯಾ ಮಗಾ?" ಎಂದರು ಬೀಗಿತ್ತಿ.

ಟಿಕ್. ಹಳದಿ ದೀಪ.

"ಹಾಕಿದೆ ಅಮ್ಮ."

ಜೀಪು ಗುರುಗುಟ್ಟುತ್ತಾ ಹತ್ತಿತು. ಆ ಚರಂಡಿಯ ಪಕ್ಕ ಒಂದು ಚಕ್ರ ಜಾರಿತು; ಇನ್ನೊಂದು ಹಿಡಿಯಿತು. ಮೊಮ್ಮಗ ನನ್ನ ಕೈ ಹಿಡಿದುಕೊಂಡಿದ್ದ, ಅಥವಾ ನಾನು ಅವನದನ್ನು. ಮೂರು ನಿಮಿಷವೂ ಆಗಿರಲಿಲ್ಲ, ಮೇಲಿದ್ದೆವು.

ಬೀಗಿತ್ತಿ ಸೆರಗಿನಿಂದ ಮುಖ ಒರೆಸಿಕೊಂಡರು. ಆಮೇಲೆ ಮಗನ ಕಡೆ ತಿರುಗಿ, "ಚೀಟಿ ಓದಿದೀನಿ ನಾನು. ಇನ್ನು ಬೀಗ ತೆಗಿ" ಎಂದರು.